ಮೀನಿನ ತೊಟ್ಟಿಯ ಗಿಡ: ಒಂದರಿಂದ ಹತ್ತು ಮಾಡೋಣ, ಹೊಳೆಗೆ ಬಿಡದಿರೋಣ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಸಂಘದ ಸಭೆಗೆ ಹೋದಾಗ ಕೆಲವರ ಮನೆಯಲ್ಲಿ ಗಾಜಿನ ಮೀನಿನ ತೊಟ್ಟಿ ನೋಡುತ್ತೇವೆ. ಮೀನಿಗೆ ಜೀವವಿದೆ, ಗಿಡ ಮಾತ್ರ ಪ್ಲಾಸ್ಟಿಕ್. ಕೇಳಿದರೆ, "ಖರೇ ಗಿಡಾ ತಂದಿದ್ವಿರಿ, ಎಂಟು ದಿನದಾಗ ಕೊಳತು ಹೋದ್ವು" ಎನ್ನುತ್ತಾರೆ. ಅದಕ್ಕಾಗಿ ಈ ಪಾಠ. ಇದು ಹೊಸ ವಿದ್ಯೆಯೇನಲ್ಲ. ಹೊಲದಲ್ಲಿ ನಾವು ಬಳಸುವ ಬುದ್ಧಿಯೇ ಇಲ್ಲಿಯೂ ಸಾಕು.

ಗಿಡ ಏಕೆ ಬೇಕು?

ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ, ಗಿಡಕ್ಕೆ ಗೊಬ್ಬರ. ಬೆಳಕಿದ್ದಾಗ ಗಿಡವು ನೀರಿಗೆ ಆಮ್ಲಜನಕ ಕೊಡುತ್ತದೆ. ಮರಿ ಮೀನುಗಳಿಗೆ ಅಡಗಲು ಜಾಗವೂ ಆಗುತ್ತದೆ.

ಕೊಳೆಯುವುದೇಕೆ?

ಅಂಗಡಿಗೆ ಬರುವ ಎಷ್ಟೋ ಗಿಡಗಳನ್ನು ನರ್ಸರಿಯಲ್ಲಿ ಎಲೆ ಗಾಳಿಯಲ್ಲಿರುವಂತೆ ಬೆಳೆಸಿರುತ್ತಾರೆ. ನೀರೊಳಗೆ ಮುಳುಗಿಸಿದಾಗ ಆ ಹಳೆಯ ಎಲೆಗಳು ಕರಗುತ್ತವೆ. ಗಿಡ ಸತ್ತಿತೆಂದು ಕಿತ್ತು ಒಗೆಯಬ್ಯಾಡ್ರಿ. ಕೊಳೆತ ಎಲೆ ಮಾತ್ರ ತೆಗೆದು ಎರಡು-ಮೂರು ವಾರ ತಾಳ್ಮೆಯಿಂದ ಕಾಯಿರಿ. ಬೇರು ಗಟ್ಟಿಯಿದ್ದರೆ ನೀರಿಗೆ ಹೊಂದುವ ಹೊಸ ಎಲೆ ಬರುತ್ತದೆ.

ತೊಟ್ಟಿಯ ತಯಾರಿ

ಚೆನ್ನಾಗಿ ತೊಳೆದ ಉಸುಕನ್ನು ಎರಡು ಇಂಚು ಹಾಕಿರಿ. ಎರಿ ಮಣ್ಣು ಹಾಕಿದರೆ ನೀರು ರಾಡಿಯಾಗುತ್ತದೆ. ನಳದ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಬಾಯಿ ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಿರಿ. ಬೋರಿನ ನೀರು ಗಡಸಾಗಿದ್ದರೆ ವ್ಯಾಲಿಸ್ನೇರಿಯಾದಿಂದ ಆರಂಭಿಸಿರಿ. ಅದು ಗಡಸು ನೀರನ್ನು ತಾಳುತ್ತದೆ. ದಿನಕ್ಕೆ ಎಂಟು ತಾಸು ಬೆಳಕು ಸಾಕು. ಹೆಚ್ಚಾದರೆ ಪಾಚಿ ಕಟ್ಟುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಮೇಲಿಂದ ಮೇಲೆ ತುಂಬಿಸುತ್ತಾ ಹೋದರೆ ಉಪ್ಪಿನಂಶ ಏರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿರಿ. ತೆಗೆದ ನೀರನ್ನು ಕೈತೋಟಕ್ಕೆ ಹಾಕ್ರಿ, ಒಳ್ಳೆ ಗೊಬ್ಬರ.

ಹೆಚ್ಚಿಸುವ ನಾಲ್ಕು ದಾರಿ

1. ಕಬ್ಬಿನಂತೆ ತುಂಡಿನಿಂದ: ನೀರುಬ್ರಾಹ್ಮಿ, ಹೈಗ್ರೋಫಿಲಾ ಇಂಥವು. ತುದಿಯಿಂದ ನಾಲ್ಕೈದು ಇಂಚು, ಮೂರು-ನಾಲ್ಕು ಗೆಣ್ಣು ಇರುವಂತೆ ಕತ್ತರಿಸಿರಿ. ಕೆಳಗಿನ ಎಲೆ ತೆಗೆದು ಎರಡು ಗೆಣ್ಣು ಉಸುಕಿನಲ್ಲಿ ಊರಿರಿ. ಗೆಣ್ಣಿನಲ್ಲಿ ಬೇರು ಬರುತ್ತದೆ. ತಾಯಿ ಗಿಡವೂ ಪಕ್ಕಕ್ಕೆ ಚಿಗುರುತ್ತದೆ.

2. ಕರಿಕಿಯಂತೆ ಹಬ್ಬುವ ಬಳ್ಳಿಯಿಂದ: ವ್ಯಾಲಿಸ್ನೇರಿಯಾ ಉಸುಕಿನ ಮೇಲೆ ಬಳ್ಳಿ ಬಿಟ್ಟು ಮರಿ ಮಾಡುತ್ತದೆ. ಮರಿಗೆ ಮೂರು-ನಾಲ್ಕು ಎಲೆ, ಸ್ವಂತ ಬೇರು ಬಂದ ಮೇಲೆ ಬಳ್ಳಿ ಕತ್ತರಿಸಿ ಬೇರೆ ನೆಡಿರಿ. ಬುಡದ ಮೊಳಕೆ ಮುಚ್ಚಬಾರದು.

3. ಅರಿಶಿಣದಂತೆ ಕೊಂಬಿನಿಂದ: ಅನುಬಿಯಸ್ ಕೊಂಬನ್ನು ಪ್ರತಿ ತುಂಡಿಗೆ ಮೂರು-ನಾಲ್ಕು ಎಲೆ ಉಳಿಯುವಂತೆ ಕತ್ತರಿಸಿರಿ. ಆದರೆ ಅರಿಶಿಣದಂತೆ ಹೂಳಬ್ಯಾಡ್ರಿ, ಕೊಳೆಯುತ್ತದೆ. ಕಲ್ಲಿಗೆ ದಾರದಿಂದ ಕಟ್ಟಿದರೆ ಸಾಕು.

4. ಕಾಡುಬಸಳೆಯಂತೆ ಎಲೆಯಿಂದ: ಜಾವಾ ಫರ್ನ್ ಎಲೆಯ ಮೇಲೆಯೇ ಮರಿ ಹುಟ್ಟುತ್ತದೆ. ಬೇರು ಬಿಟ್ಟ ಮೇಲೆ ಬಿಡಿಸಿ ಕಲ್ಲಿಗೆ ಕಟ್ಟಿರಿ.

ಆದಾಯ ಬರುತ್ತದೆಯೇ?

ಬರಬಹುದು. ಆದರೆ ಇದಕ್ಕಾಗಿ ಮೊದಲೇ ಸಂಘದಿಂದ ಸಾಲ ತೆಗೆಯಬ್ಯಾಡ್ರಿ. ಒಂದು ಟಬ್ಬಿನಲ್ಲಿ ಬೆಳೆಸಿ, ಒಬ್ಬರಿಗೊಬ್ಬರು ಹಂಚಿಕೊಳ್ಳಿರಿ. ಗಿಡ ಕೈಗೆ ಬಂದ ಮೇಲೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಯ ಮೀನಿನ ಅಂಗಡಿಯವರನ್ನು ಕೇಳಿರಿ: ಯಾವ ಗಿಡ ಬೇಕು, ತಿಂಗಳಿಗೆ ಎಷ್ಟು ಬೇಕು? ಆಮೇಲೆ ಎರಡನೆಯ ಟಬ್ಬು. ಅಂಗಳದ ಟಬ್ಬಿನಲ್ಲಿ ಮೀನಿಲ್ಲದಿದ್ದರೆ ಹತ್ತು ದಿನದೊಳಗೆ ಸೊಳ್ಳೆ ಹುಟ್ಟಿ ಡೆಂಗಿ ಭಯ. ಅದಕ್ಕೆ ಸೊಳ್ಳೆಯ ಮರಿಹುಳ ತಿನ್ನುವ ನಾಲ್ಕು ಗಪ್ಪಿ ಮೀನು ಬಿಡಿರಿ.

ಹೊಳೆಗೆ ಬೇಡ

ಇದು ಈ ಪಾಠದ ಮುಖ್ಯ ಮಾತು. ಇಂದು ಕೆರೆಗಳನ್ನು ಮುಚ್ಚುತ್ತಿರುವ ನೇರಳೆ ಹೂವಿನ ಅಂತರಗಂಗೆ ದಕ್ಷಿಣ ಅಮೆರಿಕದ್ದು. ಹೂವಿನ ಚೆಂದಕ್ಕಾಗಿ ಜನರೇ ದೇಶದಿಂದ ದೇಶಕ್ಕೆ ಒಯ್ದರು. ಇದಕ್ಕೆ ತಿರುಗಾಮುರುಗಾ ಕಥೆಯೂ ಉಂಟು. ನಮ್ಮ ಕೆರೆಗಳ ಸಾಮಾನ್ಯ ಗಿಡ ಹೈಡ್ರಿಲ್ಲಾ 1950ರ ದಶಕದಲ್ಲಿ ಮೀನಿನ ತೊಟ್ಟಿಯ ವ್ಯಾಪಾರದಿಂದ ಅಮೆರಿಕದ ಫ್ಲೋರಿಡಾಕ್ಕೆ ಹೋಗಿ, ಅಲ್ಲಿಯ ಕಾಲುವೆ-ಸರೋವರಗಳಿಗೆ ಪೀಡೆಯಾಯಿತು. ಒಂದು ಗೆಣ್ಣಿನ ತುಂಡು ಸಾಕು, ಅದು ಬೆಳೆಯುತ್ತದೆ. ತೊಟ್ಟಿಯಲ್ಲಿ ನಮಗೆ ಉಪಕಾರವಾದ ಗುಣವೇ ಹೊಳೆಯಲ್ಲಿ ಅಪಾಯ.

ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮ ನಾಲ್ಕೂ ತಾಲೂಕುಗಳ ಹೊಳೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಬಿಟ್ಟದ್ದು ನವಿಲುತೀರ್ಥದ ಜಲಾಶಯಕ್ಕೆ, ಅಲ್ಲಿಂದ ರಾಮದುರ್ಗಕ್ಕೆ ಹೋಗಬಲ್ಲದು. ಮೇಲಿನವರ ಅಸಡ್ಡೆ ಕೆಳಗಿನವರ ಕುಡಿಯುವ ನೀರಿಗೆ ಕಂಟಕ. ಕತ್ತರಿಸಿ ಉಳಿದ ಗಿಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ತಿಪ್ಪೆಗೆ ಹಾಕಿರಿ. ಸಾಕಲಾಗದ ಮೀನನ್ನೂ ಹೊಳೆಗೆ ಬಿಡಬ್ಯಾಡ್ರಿ, ಸಾಕುವವರಿಗೆ ಕೊಡ್ರಿ. ದೇವರು ತೋಟವನ್ನು ಬೆಳೆಸಲೂ ಕಾಯಲೂ ಮನುಷ್ಯನಿಗೆ ಒಪ್ಪಿಸಿದರೆಂದು ಆದಿಕಾಂಡ ಹೇಳುತ್ತದೆ. ಬೆಳೆಸುವುದನ್ನು ಕಲಿತೆವು, ಕಾಯುವುದನ್ನು ಮರೆಯದಿರೋಣ.

ಸಂಘದಲ್ಲಿ ಚರ್ಚಿಸಿರಿ

1. ನಮ್ಮೂರ ಕೆರೆ-ಹಳ್ಳದಲ್ಲಿ ಯಾವ ನೀರುಗಿಡಗಳಿವೆ? ಅವುಗಳಲ್ಲಿ ಹೊರಗಿನಿಂದ ಬಂದವು ಯಾವುವು?
2. ಮುಂದಿನ ಸಭೆಗೆ ಯಾರು ಒಂದು ಗಿಡ ತಂದು, ತುಂಡು ಮಾಡಿ ತೋರಿಸುತ್ತೀರಿ?