ಆಷಾಢದ ಸಾಲ, ಚೈತ್ರದ ವಸೂಲಿ

ಕೃಷ್ಣೆಯ ತೀರದಿಂದ ದೂಧಗಂಗಾ ವೇದಗಂಗಾ ನದಿಗಳ ಬಯಲಿನವರೆಗೆ ಹಬ್ಬಿರುವ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ಸಾಗುವ ಪ್ರವಾಸಿಗೆ ಅವೆಲ್ಲವೂ ಒಂದೇ ಬಗೆಯ ಊರುಗಳಾಗಿ ತೋರುವುದು ಸಹಜ: ಅದೇ ಕರಿಯ ನೆಲ, ಅದೇ ಕಬ್ಬು, ಕನ್ನಡ ಮರಾಠಿಗಳೆರಡನ್ನೂ ಒಂದೇ ಉಸಿರಿನಲ್ಲಿ ಆಡುವ ಅದೇ ಜನ. ಆದರೆ ರಾಷ್ಟ್ರೀಕೃತ ಬ್ಯಾಂಕೊಂದರ ಸಾಲವಿಭಾಗದಲ್ಲಿ ಅಧಿಕಾರಿಯಾಗಿ ಸೇವಾವಧಿಯ ಬಹುಭಾಗವನ್ನು ಈ ಊರುಗಳಲ್ಲಿಯೇ ಕಳೆದ ನನಗೆ, ಇಲ್ಲಿಯ ಪ್ರತಿಯೊಂದು ಊರಿಗೂ ತನ್ನದೇ ಆದ ಒಂದು ವರ್ಷವಿದೆ, ಆ ವರ್ಷವು ಏಪ್ರಿಲಿನಲ್ಲಿ ತೊಡಗಿ ಮಾರ್ಚಿನಲ್ಲಿ ಮುಗಿಯುವ ನಮ್ಮ ಲೆಕ್ಕದ ಪುಸ್ತಕಕ್ಕೆ ಎಂದೂ ಅಧೀನವಾಗಿಲ್ಲ ಎಂಬುದು ಕ್ರಮೇಣ ವಿದಿತವಾಯಿತು. ಕಾಗವಾಡದ ಕಡೆಯ ಉಗಾರದ ವರ್ಷ ಸಕ್ಕರೆ ಕಾರ್ಖಾನೆಯ ಗಾಣ ತಿರುಗಿದಂದು ಮೊದಲಾಗುತ್ತದೆ. ನಿಪ್ಪಾಣಿಯದು ತಂಬಾಕಿನ ಹೇರು ತಕ್ಕಡಿಗೆ ಏರಿದಂದು. ಅಥಣಿಯ ಚರ್ಮಕಾರರ ಓಣಿಯದು ಮಳೆ ನಿಂತು ಬಿಸಿಲು ಬಲಿತಂದು. ಕಚೇರಿ ನ್ಯಾಯಾಲಯಗಳ ಊರಾದ ಚಿಕ್ಕೋಡಿಯ ವರ್ಷ ಮಾತ್ರ ವಕೀಲರ ಮುಂದಿನ ತಾರೀಖಿನಂದು ಆರಂಭವಾಗುತ್ತದೆಂದು ನಮ್ಮ ಶಾಖೆಯ ಹಿರಿಯ ಪಟ್ಟೇವಾಲಾ ವಿನೋದದಿಂದ ಹೇಳುತ್ತಿದ್ದನು.

ಅಥಣಿಯ ಮಾತನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಮುರುಘೇಂದ್ರ ಶಿವಯೋಗಿಗಳ ಗಚ್ಚಿನ ಮಠದಿಂದ ಖ್ಯಾತವಾದ ಈ ಊರಿನಲ್ಲಿಯೂ ಸುತ್ತಣ ಮದಬಾವಿಯಂತಹ ಹಳ್ಳಿಗಳಲ್ಲಿಯೂ ತಲೆತಲಾಂತರದಿಂದ ಸಿದ್ಧವಾಗುತ್ತ ಬಂದಿರುವ ಪಾದರಕ್ಷೆಗೆ ಲೋಕವಿಟ್ಟಿರುವ ಹೆಸರು ಕೊಲ್ಲಾಪುರಿ. ಎಮ್ಮೆಯ ತೊಗಲಿನ ಅಟ್ಟೆ, ಆಡಿನ ತೊಗಲಿನ ಮೇಲುಪಟ್ಟಿ, ಎರಡನ್ನೂ ಬೆಸೆಯುವುದಕ್ಕೆ ಸೀಳಿದ ತೊಗಲಿನದೇ ದಾರ. ಮೊಳೆಯ ಮಾತೇ ಇಲ್ಲ. ಹಳೆಯ ಪದ್ಧತಿಯಲ್ಲಿ ಹದಮಾಡುವವರು ಹಸಿಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ಚೀಲದಂತೆ ಹೊಲಿದು ತೂಗುಹಾಕಿ, ಅದರೊಳಕ್ಕೆ ಜಾಲಿಯ ಚಕ್ಕೆ ಅಳಲೆಕಾಯಿಗಳ ಕಷಾಯವನ್ನು ತುಂಬಿ, ಸೋರಿದುದನ್ನು ಮತ್ತೆ ಮತ್ತೆ ಸುರಿಯುತ್ತ, ಆ ಕಷಾಯವು ತೊಗಲಿನ ನರನರಕ್ಕೂ ಇಳಿಯುವವರೆಗೆ ತಾಳ್ಮೆಯಿಂದ ಕಾಯುತ್ತಿದ್ದರು. ಹೀಗೆ ಹದಗೊಂಡ ಅಟ್ಟೆ ಧರಿಸಿದಷ್ಟೂ ಕಾಲಿಗೆ ಒಗ್ಗುತ್ತದೆ. ಆದರೆ ಆರ್ದ್ರತೆ ಅದಕ್ಕೆ ಶತ್ರು. ನೆನೆದರೆ ಉಬ್ಬುತ್ತದೆ, ಬೂಸು ಹಿಡಿಯುತ್ತದೆ, ಒಣಗಿಸಲು ಬಿಸಿಲಿರುವುದಿಲ್ಲ. ಮಳೆಗಾಲದಲ್ಲಿ ಆ ಚಪ್ಪಲಿಯನ್ನು ಕೊಳ್ಳುವವರೂ ಇರುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಓಣಿಯ ರಂಪಿ ಉಳಿಗಳು ಬಹುಮಟ್ಟಿಗೆ ಮೂಲೆ ಸೇರುತ್ತವೆ.

ಬ್ಯಾಂಕಿನ ಮುದ್ರಿತ ನಮೂನೆಗೆ ಈ ನಾಲ್ಕು ತಿಂಗಳುಗಳ ಪರಿಚಯವಿರಲಿಲ್ಲ. ಸಾಲ ಕೈಸೇರಿದ ಮರುತಿಂಗಳಿನಿಂದ ಸಮನಾದ ಮಾಸಿಕ ಕಂತು, ಅದು ಶ್ರಾವಣಕ್ಕೂ ಅಷ್ಟೇ, ವೈಶಾಖಕ್ಕೂ ಅಷ್ಟೇ. ಸಂಬಳದಾರನಿಗೆ ಹೊಲಿದ ಅಂಗಿಯನ್ನು ಕಸುಬುದಾರನಿಗೆ ತೊಡಿಸಿದಂತಿತ್ತು ಆ ವ್ಯವಸ್ಥೆ. ಒಂದು ಆಷಾಢದಲ್ಲಿ ಬಾಕಿಯ ವಿಚಾರಣೆಗೆಂದು ಆ ಓಣಿಗೆ ಹೋಗಿದ್ದಾಗ, ಬಾಗಿಲಲ್ಲಿ ಕುಳಿತಿದ್ದ ವೃದ್ಧೆಯೊಬ್ಬಳನ್ನು "ಯಾಕವ್ವಾ, ಈ ಸಲ ಕಂತು ಬರಲಿಲ್ಲವಲ್ಲ?" ಎಂದು ಕೇಳಿದೆನು. ಆಕೆ ನಗುತ್ತಲೇ, "ಸಾಹೇಬ್ರ, ಮಳಿಗಾಲದಾಗ ನಮ್ಮ ಮನ್ಯಾಗ ತೊಗಲ ಒಣಗೂದಿಲ್ರೀ, ಗಂಗಾಳ ಅಷ್ಟ ಒಣಗತೈತ್ರೀ" ಎಂದಳು. ಅರ್ಥಶಾಸ್ತ್ರದ ಗ್ರಂಥಗಳಲ್ಲಿ ನಾನು ಓದಿದ್ದ ಯಾವ ವಾಕ್ಯವೂ ಋತುಮಾನದ ನಿರುದ್ಯೋಗವನ್ನು ಇಷ್ಟು ನಿಃಸಂದಿಗ್ಧವಾಗಿ ವಿವರಿಸಿರಲಿಲ್ಲ.

ಹಾಗಾದರೆ ಆ ನಾಲ್ಕು ತಿಂಗಳು ಒಲೆ ಉರಿಯುತ್ತಿದ್ದುದು ಯಾರಿಂದ? ಚಪ್ಪಲಿಯ ವ್ಯಾಪಾರಿಯಿಂದ. ಮಳೆ ಹಿಡಿದ ಸಂಜೆ ಜೋಳದ ಹಿಟ್ಟಿಗೆ, ಮಗುವಿನ ಜ್ವರಕ್ಕೆ, ಶಾಲೆಯ ಪಾಟಿ ಪುಸ್ತಕಕ್ಕೆ ಅವನು ಜಾಮೀನು ಕೇಳದೆ, ಸಹಿ ಕೇಳದೆ ಮುಂಗಡ ಕೊಡುತ್ತಿದ್ದನು. ಬದಲಾಗಿ ಮುಂದಿನ ಋತುವಿನ ಮಾಲು ಜೋಡಿಗೆ ಇಂತಿಷ್ಟೆಂದು, ಅವನು ನುಡಿದ ಬೆಲೆಗೆ, ಅವನ ಅಂಗಡಿಗೇ ಸೇರತಕ್ಕುದೆಂದು ಬಾಯಿಮಾತಿನಲ್ಲಿಯೇ ನಿಶ್ಚಯವಾಗುತ್ತಿದ್ದಿತು. ದೀಪಾವಳಿಯ ನಂತರ, ಮದುವೆಗಳ ಕಾಲದಲ್ಲಿ, ಚಪ್ಪಲಿಗೆ ಒಳ್ಳೆಯ ಬೆಲೆ ಬಂದಾಗ ಆ ಬೆಲೆ ಮಾಡಿದವನ ಮನೆಗೆ ಬಾರದೆ ಅಂಗಡಿಯಲ್ಲಿಯೇ ಉಳಿಯುತ್ತಿದ್ದುದರ ಕಾರಣವಿದು. ಆ ವ್ಯಾಪಾರಿಯನ್ನು ರಕ್ತ ಹೀರುವವನೆಂದು ನಿಂದಿಸುವುದು ಸಭಾಭಾಷಣಗಳಲ್ಲಿ ಸುಲಭ. ಆದರೆ ಅವನು ಬೇಕಾದಾಗ ಇದ್ದನು, ನಾವು ಬೇಡವಾದಾಗ ಇದ್ದೆವು. ಬಡ್ಡಿಯ ದರದಲ್ಲಿ ನಾವು ಅಗ್ಗವಾಗಿದ್ದರೂ ಋತುವಿನ ಲೆಕ್ಕದಲ್ಲಿ ಅವನೇ ಅಗ್ಗವೆಂದು ಓಣಿ ತೀರ್ಮಾನಿಸಿದ್ದಿತು, ಅದು ಅವಿವೇಕದ ತೀರ್ಮಾನವಾಗಿರಲಿಲ್ಲ.

ಆ ಓಣಿಯಲ್ಲಿ ಕಂಡ ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅರ್ಜಿಯಲ್ಲಿ ಗಂಡನ ಹೆಸರಿನ ಮುಂದೆ 'ಚರ್ಮದ ಕಸುಬು' ಎಂದೂ ಹೆಂಡತಿಯ ಹೆಸರಿನ ಮುಂದೆ 'ಮನೆಗೆಲಸ' ಎಂದೂ ಬರೆಯುವುದು ವಾಡಿಕೆ. ಅಟ್ಟೆಯನ್ನು ಕತ್ತರಿಸಿ ಜೋಡಿಸುವವನು ಗಂಡನೇ ನಿಜ. ಆದರೆ ಕೂದಲೆಳೆಯಷ್ಟು ಸಪೂರವಾಗಿ ತೊಗಲನ್ನು ಸೀಳಿ ಜಡೆ ಹೆಣೆಯುವುದು, ಪಟ್ಟಿಗೆ ರಂಧ್ರ ತೆಗೆದು ಕುಸುರಿ ಹೊಲಿಯುವುದು, ಕಾಪಶಿ ಕುರುಂದವಾಡಿ ಮಾದರಿಗಳಿಗೆ ಅವುಗಳ ಲಕ್ಷಣವನ್ನು ಕೊಡುವುದು, ಇವೆಲ್ಲವೂ ಒಲೆಯ ಮೇಲಿನ ಸಾರು ಕುದಿಯುವ ನಡುವೆ ಹೆಂಗಸರ ಬೆರಳುಗಳಲ್ಲಿಯೇ ಆಗುತ್ತಿದ್ದವು. 1990ರ ದಶಕದ ಕೊನೆಗೆ ಅಥಣಿಯಲ್ಲಿ ಈ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕೂಡಿಸಿ ಕಟ್ಟಿದ 'ಟೋಹೋಲ್ಡ್' ಎಂಬ ಸಂಘಟನೆ ಅವರು ಮಾಡಿದ ಮಾಲನ್ನು ನೇರವಾಗಿ ಪರದೇಶಗಳಿಗೆ ಕಳುಹಿಸಿದಾಗ ಆಶ್ಚರ್ಯಪಟ್ಟವರಲ್ಲಿ ಅವರ ಗಂಡಂದಿರು ಸೇರಿರಲಿಲ್ಲ, ಬ್ಯಾಂಕಿನವರು ಸೇರಿದ್ದರು.

ನಿಪ್ಪಾಣಿಗೆ ವರ್ಗವಾಗಿ ಹೋದಾಗ ಸರಕು ಬೇರೆಯಾಗಿದ್ದಿತು, ನ್ಯಾಯ ಅದೇ. ಬೀಡಿಯ ತಂಬಾಕು ಮಳೆಗಾಲದ ಹೊಲದಲ್ಲಿ ಬೆಳೆದು, ಚಳಿಗಾಲದಲ್ಲಿ ಕೊಯ್ಲಾಗಿ, ಬಿಸಿಲಿನಲ್ಲಿ ಒಣಗಿ, ಬೇಸಗೆಯೊಳಗೆ ಮಾರಾಟವಾಗಬೇಕು. ರೈತನ ಗುಡಿಸಲಿನಲ್ಲಿ ಮಳೆಯ ಗಾಳಿಗೆ ಸಿಕ್ಕಿದರೆ ಅದರ ಬೆಲೆ ಕುಸಿಯುತ್ತದೆ. ಕೊಳ್ಳುವವನು ಕಾಯಬಲ್ಲ, ಮಾರುವವನು ಕಾಯಲಾರ. 1981ರ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯ ಬಳಿ ಪುಣೆ ಬೆಂಗಳೂರು ಹೆದ್ದಾರಿಯ ಮೇಲೆ ದಿನಗಟ್ಟಲೆ ಕುಳಿತುದು, ಕೊನೆಗೆ ಏಪ್ರಿಲಿನಲ್ಲಿ ಪೋಲೀಸರ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತುದು ಎಲ್ಲರೂ ಬಲ್ಲ ಸಂಗತಿ. ಆ ಚಳವಳಿ ಬೆಲೆಗಾಗಿ ನಡೆಯಿತೆಂದು ಬರೆಯುತ್ತಾರೆ. ಅದು ಕಾಲಕ್ಕಾಗಿಯೂ ನಡೆಯಿತೆಂದು ನಾನು ಭಾವಿಸುತ್ತೇನೆ, ಏಕೆಂದರೆ ಆ ರೈತರ ಬೆನ್ನ ಹಿಂದೆ ಮುಂಗಾರು ಸಮೀಪಿಸುತ್ತಿದ್ದಿತು.

ನಿಪ್ಪಾಣಿಯ ವಖಾರಿಗಳ ಬಾಗಿಲಲ್ಲಿ ನಿಂತರೆ ಸೀನು ತಡೆಯುವುದು ದುಸ್ಸಾಧ್ಯ. ಆ ಧೂಳಿನಲ್ಲಿಯೇ ಮುಖಕ್ಕೆ ಸೆರಗು ಬಿಗಿದು ದಿನವಿಡೀ ತಂಬಾಕನ್ನು ಜರಡಿ ಹಿಡಿಯುತ್ತಿದ್ದ ಹೆಂಗಸರು ಸಂಘಟಿತರಾಗಿ ತಮ್ಮ ಹಕ್ಕುಗಳಿಗಾಗಿ ನಡೆಸಿದ ಹೋರಾಟವನ್ನು 'ಯುಗಾಂತರ' ಎಂಬ ಸ್ತ್ರೀಯರ ಚಿತ್ರತಂಡವು 1982ರಲ್ಲಿ ಸಾಕ್ಷ್ಯಚಿತ್ರವಾಗಿ ತೆಗೆಯಿತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರಿಗೆ 1966ರ ಕಾಯದೆಯ ರಕ್ಷಣೆ ಇದ್ದಿತು. ಗುತ್ತಿಗೆದಾರನು ಕಟ್ಟಿನಿಂದ ಕೆಲವು ಬೀಡಿಗಳನ್ನು ಕೆಟ್ಟವೆಂದು ಆರಿಸಿ ಪಕ್ಕಕ್ಕಿಡುವಾಗ ಮಾತ್ರ ಆ ಕಾಯದೆ ಜಗುಲಿಯ ಮೇಲೆ ಹಾಜರಿರುತ್ತಿರಲಿಲ್ಲ.

ಕಾಗವಾಡದ ಕಡೆಯ ಕಬ್ಬಿನ ಬೆಳೆಗಾರರೊಡನೆ ನನ್ನ ವ್ಯವಹಾರ ಹೆಚ್ಚು ಸರಳವಾಗಿದ್ದಿತು. 1939ರಲ್ಲಿ ಸ್ಥಾಪಿತವಾದ ಉಗಾರ ಸಕ್ಕರೆ ಕಾರ್ಖಾನೆ ಹಂಗಾಮು ಮುಗಿಸುವ ಕಾಲಕ್ಕೆ ಸರಿಯಾಗಿ ಬೆಳೆಸಾಲದ ವಾಯಿದೆ ಬರುವಂತೆ ನಿಯಮವೇ ರೂಪುಗೊಂಡಿದ್ದಿತು. ಕೃಷ್ಣೆ ಉಕ್ಕಿ ಬಂದ ವರ್ಷಗಳಲ್ಲಿ ವಾಯಿದೆಯನ್ನು ಮುಂದೂಡುವುದಕ್ಕೂ ಅವಕಾಶವಿದ್ದಿತು. ಭೂಮಿಯುಳ್ಳವನಿಗೆ ಋತುವುಂಟೆಂದು ಸರ್ಕಾರ ಎಂದೋ ಒಪ್ಪಿಕೊಂಡಿದೆ. ಉಳಿ ಹಿಡಿದವನಿಗೂ ಋತುವುಂಟೆಂದು ಒಪ್ಪಲು ಇನ್ನೂ ಹಿಂದುಮುಂದು ನೋಡುತ್ತಿದೆ.

ನಿವೃತ್ತನಾಗುವುದಕ್ಕೆ ಮುನ್ನ, ಮೇಲಿನವರನ್ನು ಒಪ್ಪಿಸಿ, ನಮ್ಮ ಶಾಖೆಯ ಮಟ್ಟಿಗಾದರೂ ಚರ್ಮಕಾರರ ಕಂತುಗಳನ್ನು ಕಾರ್ತಿಕದಿಂದ ಜ್ಯೇಷ್ಠದವರೆಗಿನ ತಿಂಗಳುಗಳಿಗೆ ಹಂಚಿ, ಮಳೆಯ ತಿಂಗಳುಗಳಲ್ಲಿ ಬಡ್ಡಿಯನ್ನಷ್ಟೇ ಪಡೆಯುವ ಏರ್ಪಾಡನ್ನು ಕೆಲವು ಖಾತೆಗಳಲ್ಲಿ ಮಾಡಿದೆವು. ಬಾಕಿ ಇಳಿಯಿತು. ಪಟ್ಟೇವಾಲಾನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. "ವ್ಯಾಪಾರಿ ಹಿಂಗ ಮಾಡ್ಕೋತ ಬಂದಾನ್ರೀ" ಎಂದು ಅವನು ಚಹಾದ ಬಟ್ಟಲನ್ನು ಎತ್ತಿಕೊಂಡು ಹೋದನು.

2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದುವು. 2025ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಅದನ್ನೇ ಹೋಲುವ ಪಾದರಕ್ಷೆಯನ್ನು ಮೂಲದ ಹೆಸರೆತ್ತದೆ ತೊಡಿಸಿ, ಆಕ್ಷೇಪ ಎದ್ದ ಮೇಲೆ ಭಾರತದ ಋಣವನ್ನು ಒಪ್ಪಿಕೊಂಡಿತು. ಪತ್ರಿಕೆಗಳು ಹೆಸರಿನ ಗೌರವವನ್ನು ಕುರಿತು ಬಹಳ ಬರೆದುವು, ಅದು ಯುಕ್ತವೇ. ಆದರೆ ನನ್ನ ಗಮನವಿರುವುದು 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ಮೇಲೆ. ಚರ್ಮಕಾರರೂ ಅದರಲ್ಲಿ ಸೇರಿದ್ದಾರೆ. ಮೊದಲ ಹಂತದಲ್ಲಿ 1 ಲಕ್ಷ ರೂಪಾಯಿ, ಶೇಕಡಾ 5ರ ಬಡ್ಡಿ, ಮರುಪಾವತಿಗೆ 18 ತಿಂಗಳು. ಬಡ್ಡಿಯ ವಿಷಯದಲ್ಲಿ ಇದು ಔದಾರ್ಯವೇ ಸರಿ. ಆದರೆ ಮೇ ತಿಂಗಳಿನಲ್ಲಿ ಆ ಹಣ ಅಥಣಿಯ ಒಂದು ಮನೆಗೆ ಬಂದರೆ ಆ 18 ತಿಂಗಳುಗಳಲ್ಲಿ ಎರಡು ಮಳೆಗಾಲಗಳು ಬೀಳುತ್ತವೆ, ಎಂದರೆ 8 ತಿಂಗಳು ದುಡಿಮೆ ಕ್ಷೀಣ; ಅಕ್ಟೋಬರಿನಲ್ಲಿ ಬಂದರೆ ಒಂದೇ ಮಳೆಗಾಲ. ಆದುದರಿಂದ ಅಥಣಿ, ನಿಪ್ಪಾಣಿಗಳ ಶಾಖೆಗಳಿಗೆ ಈಗ ಹೊಸದಾಗಿ ಬರುವ ತರುಣ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೆ: ಚರ್ಮಕಾರನ ಅರ್ಜಿಯನ್ನು ಮಳೆಗೆ ಮುನ್ನ ಮಂಜೂರು ಮಾಡುವುದಾದರೆ ಮೊದಲ ಕಂತನ್ನು ದೀಪಾವಳಿಯ ನಂತರಕ್ಕೆ ಇಡಲು ಬರುತ್ತದೆಯೇ ಎಂದು ಮೇಲಿನ ಕಚೇರಿಗೆ ಒಂದು ಪತ್ರ ಬರೆದು ಕೇಳಿರಿ.