ಜನಗಣತಿ: ಯಾವುದಕ್ಕೆ ಉತ್ತರ ಕಡ್ಡಾಯ, ಯಾವುದಕ್ಕಲ್ಲ?

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಯಾರನ್ನೂ ಒತ್ತಾಯಿಸಬಾರದು ಎಂದು ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಆ ಮಾತು ಹಲವರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಜನಗಣತಿಯೂ ಹಾಗೆಯೇ, ಬೇಕಾದರೆ ಹೇಳಬಹುದು, ಬೇಡದಿದ್ದರೆ ಬಾಗಿಲು ಹಾಕಿಕೊಳ್ಳಬಹುದು ಎಂದುಕೊಂಡಿದ್ದಾರೆ. ಹಾಗಲ್ಲ. ಜನಗಣತಿ ನಡೆಯುವುದು 1948ರ ಜನಗಣತಿ ಕಾಯ್ದೆಯಡಿ. ಗಣತಿದಾರರು ಕೇಳಿದ ಪ್ರಶ್ನೆಗೆ ತನಗೆ ತಿಳಿದಷ್ಟನ್ನು, ತಾನು ನಂಬಿದಷ್ಟನ್ನು ಹೇಳಲು ಪ್ರತಿಯೊಬ್ಬ ವ್ಯಕ್ತಿಯೂ ಬದ್ಧ ಎನ್ನುತ್ತದೆ ಅದರ 8ನೇ ಸೆಕ್ಷನ್. ‘ಪೌರ’ ಎಂಬ ಮಾತು ಅಲ್ಲಿಲ್ಲ. ಬೈಲುಕುಪ್ಪೆಯ ಟಿಬೆಟನ್ ನಿವಾಸಿಗೂ ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾಯುವ ನೇಪಾಳದ ಕಾವಲುಗಾರನಿಗೂ ಇದು ಅಷ್ಟೇ ಅನ್ವಯ.

ಅದೇ ಕಾಯ್ದೆ ನಮ್ಮ ರಕ್ಷಣೆಗೂ ನಿಂತಿದೆ. ಆ ಭಾಗ ಗೊತ್ತಿಲ್ಲದ್ದರಿಂದಲೇ ಜನ ಅಂಜುತ್ತಾರೆ, ಅಂಜಿ ಸುಳ್ಳು ಹೇಳುತ್ತಾರೆ.

ಮೊದಲು: ಬಂದವರು ಯಾರೆಂದು ನೋಡಿ

2027ರ ಜನಗಣತಿಗೆ ಎರಡು ಹಂತ. 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಆಯಾ ರಾಜ್ಯ ಗೊತ್ತುಮಾಡಿದ ಒಂದು ತಿಂಗಳು ಮನೆಪಟ್ಟಿಯ ಹಂತ. 2027ರ ಫೆಬ್ರವರಿಯಲ್ಲಿ ಜನರ ಎಣಿಕೆ. ಬರುವವರು ಹೆಚ್ಚಾಗಿ ಶಾಲಾ ಶಿಕ್ಷಕರು. ಗುರುತಿನ ಚೀಟಿ ತೋರಿಸಿ ಎಂದು ಕೇಳುವುದು ಅಗೌರವವಲ್ಲ, ಕೇಳಿ. ಚೀಟಿ ಸರಿಯಿದ್ದರೆ ಒಳಗೆ ಬರಲು ಬಿಡಬೇಕು. ನಮ್ಮ ರೀತಿ ರಿವಾಜಿಗೆ ಒಪ್ಪುವಷ್ಟು ಪ್ರವೇಶ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ದೇವರಮನೆ, ಮಲಗುವ ಕೋಣೆಗೆಲ್ಲ ಕರೆದೊಯ್ಯಬೇಕೆಂದೇನೂ ಇಲ್ಲ. ಬಾಗಿಲ ಮೇಲೆ ನಂಬರು ಬರೆದರೆ ಅಥವಾ ಚೀಟಿ ಅಂಟಿಸಿದರೆ ಅಳಿಸಬೇಡಿ, ಅದೂ ಅಪರಾಧದ ಪಟ್ಟಿಯಲ್ಲಿದೆ.

ಈ ಸಲ ಮೊಬೈಲಿನಲ್ಲಿ ನಾವೇ ತುಂಬುವ ಸ್ವಯಂ ಗಣತಿಯ ಅವಕಾಶವೂ ಇದೆ. ತುಂಬಿದ ಮೇಲೆ ಸಿಗುವ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಗಣತಿದಾರರು ಬಂದಾಗ ಕೊಡಿ. ಲಾಗಿನ್ ಆಗಲು ಬರುವ ಒಟಿಪಿಯನ್ನು ಮಾತ್ರ ಫೋನಿನಲ್ಲಿ ಯಾರಿಗೂ ಹೇಳಬೇಡಿ.

ಕೇಳಬಹುದಾದದ್ದೇನು?

ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರಶ್ನೆಗಳಿಗೆ ಮಾತ್ರ ಈ ಕಡ್ಡಾಯ. ಮನೆಪಟ್ಟಿಯ ಹಂತಕ್ಕೆ 33 ಪ್ರಶ್ನೆಗಳಿವೆ: ನೆಲ, ಗೋಡೆ, ಸೂರು ಯಾವುದರದ್ದು, ಮನೆ ಸ್ವಂತದ್ದೋ ಬಾಡಿಗೆಯದೋ, ಕುಡಿಯುವ ನೀರು ಎಲ್ಲಿಂದ, ಶೌಚಾಲಯ ಇದೆಯೇ, ಅಡುಗೆಗೆ ಗ್ಯಾಸೋ ಸೌದೆಯೋ, ಇಂಟರ್ನೆಟ್, ಬೈಕು, ಕಾರು, ಮುಖ್ಯವಾಗಿ ಉಣ್ಣುವ ಧಾನ್ಯ ಯಾವುದು ಇತ್ಯಾದಿ. ಬ್ಯಾಂಕ್ ಖಾತೆ, ಪ್ಯಾನ್ ನಂಬರು, ತಿಂಗಳ ಆದಾಯ, ಯಾವ ಪಕ್ಷಕ್ಕೆ ಓಟು ಹಾಕುತ್ತೀರಿ ಎಂಬುದೆಲ್ಲ ಇದರಲ್ಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಕೇಳಿದರೆ ‘ಇದು ನಿಮ್ಮ ನಮೂನೆಯಲ್ಲಿದೆಯೇ, ತೋರಿಸಿ’ ಎನ್ನಿ. ಬೇಕೆಂದೇ ಅಸಭ್ಯ ಪ್ರಶ್ನೆ ಕೇಳುವ ಗಣತಿದಾರರನ್ನು ಶಿಕ್ಷಿಸಲು ಕಾಯ್ದೆಯಲ್ಲಿ ದಾರಿಯಿದೆ.

ಎರಡನೇ ಹಂತದ್ದು ಒಬ್ಬೊಬ್ಬರ ವಿವರ. 2011ರಲ್ಲಿ ಆ ಹಾಳೆಯಲ್ಲಿ 29 ಪ್ರಶ್ನೆಗಳಿದ್ದವು: ವಯಸ್ಸು, ಮದುವೆ, ಧರ್ಮ, ಮಾತೃಭಾಷೆ, ಓದು, ಕೆಲಸ, ಎಲ್ಲಿಂದ ವಲಸೆ ಬಂದಿರಿ, ಎಷ್ಟು ಮಕ್ಕಳು. ಜಾತಿಯನ್ನೂ ಎಣಿಸುವ ತೀರ್ಮಾನವನ್ನು ಕೇಂದ್ರ 2025ರ ಏಪ್ರಿಲ್ 30ರಂದು ಮಾಡಿತು. 2011ರಲ್ಲಿ ಪ್ರಶ್ನೆ ಇದ್ದದ್ದು ಪರಿಶಿಷ್ಟ ಜಾತಿ, ಪಂಗಡಗಳ ಬಗ್ಗೆ ಮಾತ್ರ.

ದಾಖಲೆ ಬೇಕಿಲ್ಲ, ನಿಜ ಬೇಕು

ಆಧಾರ್, ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಹುಡುಕುತ್ತಾ ಕೂರಬೇಕಿಲ್ಲ. ‘ತಿಳಿದಷ್ಟು, ನಂಬಿದಷ್ಟು’ ಎಂಬ ಮಾತಿಗೆ ಅರ್ಥವೇ ಅದು. ಅಜ್ಜಿಗೆ ಹುಟ್ಟಿದ ದಿನ ಗೊತ್ತಿಲ್ಲವೆಂದರೆ, ಅಂದಾಜಿನ ವಯಸ್ಸು ಹೇಳಿದರೆ ಸಾಕು; ಅದು ಸುಳ್ಳು ಉತ್ತರವಾಗುವುದಿಲ್ಲ. ಅಪರಾಧವಾಗುವುದು ಗೊತ್ತಿದ್ದೂ ತಪ್ಪು ಹೇಳುವುದು, ಇಲ್ಲವೇ ಹೇಳಲು ನಿರಾಕರಿಸುವುದು. ತುಳು, ಕೊಡವ, ಬ್ಯಾರಿ, ಲಂಬಾಣಿ ಮಾತಾಡುವ ಮನೆಗಳಲ್ಲಿ ‘ಕನ್ನಡ ಎಂದೇ ಬರೆದುಕೊಳ್ಳಿ, ಸಾಕು’ ಎನ್ನುವುದುಂಟು. ಬೇಡ. ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡಿದ ಭಾಷೆಯೇ ಮಾತೃಭಾಷೆ. 2011ರ ಹಾಳೆಯಲ್ಲಿ ಕನ್ನಡವನ್ನು ಗೊತ್ತಿರುವ ಇತರ ಭಾಷೆಗಳ ಕಾಲಂನಲ್ಲಿ ಬರೆಸಲು ಜಾಗವಿತ್ತು.

ನನಗೆ ಹೆಚ್ಚು ಕಾಳಜಿಯಿರುವುದು ಕೆಲಸದ ಪ್ರಶ್ನೆಯ ಬಗ್ಗೆ. ‘ಹೆಂಡತಿ ಏನು ಮಾಡುತ್ತಾರೆ?’ ಎಂದರೆ ‘ಏನಿಲ್ಲ, ಮನೇಲೇ ಇರ್ತಾಳೆ’ ಎಂದು ಗಂಡಸರು ಯೋಚಿಸದೆ ಹೇಳಿಬಿಡುತ್ತಾರೆ. ಅದೇ ಹೆಂಗಸು ಬೆಳಿಗ್ಗೆ ಹಸು ಕರೆದು ಡೈರಿಗೆ ಹಾಲು ಹಾಕಿರುತ್ತಾಳೆ, ಮಧ್ಯಾಹ್ನ ಹೊಲದಲ್ಲಿ ಕಳೆ ಕಿತ್ತಿರುತ್ತಾಳೆ. ಕರಾವಳಿಯಾದರೆ ಬೀಡಿ ಸುತ್ತಿರುತ್ತಾಳೆ. ಹಿಂದಿನ ಗಣತಿಗಳ ವ್ಯಾಖ್ಯೆಯಲ್ಲಿ, ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಕೂಲಿಯಿಲ್ಲದೆ ದುಡಿದರೂ ಅದು ಕೆಲಸವೇ. ಮನೆಬಳಕೆಯ ಹಾಲಿಗಾಗಿ ಹಸು ಸಾಕುವುದನ್ನೂ 2001ರಿಂದ ಸೇರಿಸಿದ್ದಾರೆ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದರೆ ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು. ಆ ಪ್ರಶ್ನೆ ಬಂದಾಗ ಹೆಂಗಸರನ್ನೇ ಮುಂದೆ ಕರೆದು ಉತ್ತರ ಕೊಡಲು ಬಿಡಿ.

ಹೇಳದಿರಲು ಹಕ್ಕಿರುವ ಹೆಸರುಗಳು

8ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿಯಿದೆ. ಮನೆಯ ಹೆಣ್ಣುಮಕ್ಕಳ ಹೆಸರು ಹೇಳಲೇಬೇಕೆಂಬ ಬದ್ಧತೆ ಯಾರಿಗೂ ಇಲ್ಲ. ಗಂಡನ ಅಥವಾ ತೀರಿಕೊಂಡ ಗಂಡನ ಹೆಸರನ್ನು, ಸಂಪ್ರದಾಯದಂತೆ ಬಾಯಲ್ಲಿ ಆಡಬಾರದ ಇನ್ನಾರದೇ ಹೆಸರನ್ನು ಹೆಂಗಸರು ಹೇಳಬೇಕಿಲ್ಲ. ‘ನಮ್ಮ ಯಜಮಾನ್ರು’ ಎಂದಷ್ಟೇ ಹೇಳುವ ತಾಯಂದಿರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಗದರಿಸಿ ಹೆಸರು ಹೇಳಿಸುವ ಅಧಿಕಾರ ಗಣತಿದಾರರಿಗಿಲ್ಲ. ಮಗುವೋ ಪಕ್ಕದ ಮನೆಯವರೋ ಹೇಳಿದರಾಯಿತು. ಆದರೆ ವಿನಾಯಿತಿ ಇರುವುದು ಹೆಸರಿಗಷ್ಟೇ. ಆ ಹೆಣ್ಣುಮಗಳು ಮನೆಯಲ್ಲಿದ್ದಾಳೆಂಬುದನ್ನೂ ಅವಳ ವಯಸ್ಸು, ಓದು, ಕೆಲಸವನ್ನೂ ಬಿಡುವಂತಿಲ್ಲ.

ಹೇಳಿದ್ದು ಎಲ್ಲಿಗೆ ಹೋಗುತ್ತದೆ?

ಬಾಡಿಗೆ ಮನೆ ಎಂದರೆ ತೆರಿಗೆ ಬಂದೀತೇ? ಕಾರಿದೆ ಎಂದರೆ ರೇಷನ್ ಕಾರ್ಡ್ ಹೋದೀತೇ? ಈ ಪ್ರಶ್ನೆಗಳಿಗೆ ಉತ್ತರ 15ನೇ ಸೆಕ್ಷನ್ನಿನಲ್ಲಿದೆ. ಗಣತಿಯ ದಾಖಲೆಯನ್ನು ಯಾರಿಗೂ ಪರಿಶೀಲಿಸುವ ಹಕ್ಕಿಲ್ಲ. ಸಿವಿಲ್ ದಾವೆಯಲ್ಲಿ ಅದು ಸಾಕ್ಷ್ಯವಾಗುವುದಿಲ್ಲ. ಕ್ರಿಮಿನಲ್ ಕೇಸಿನಲ್ಲೂ ಅಷ್ಟೆ. ಜನಗಣತಿ ಕಾಯ್ದೆಯನ್ನೇ ಮುರಿದ ಆರೋಪದ ಕೇಸು ಮಾತ್ರ ಇದಕ್ಕೆ ಹೊರತು. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ‘ಗಣತಿಯಲ್ಲಿ ಹೀಗೆ ಬರೆಸಿದ್ದೀಯ’ ಎಂದು ಕೋರ್ಟಿಗೆ ಹಾಳೆ ತರಲಾಗದು.

ದಂಡದ ವಿಷಯ ಚಿಕ್ಕದು. ಉತ್ತರಿಸಲು ನಿರಾಕರಿಸಿದರೆ ಅಥವಾ ಬೇಕೆಂದೇ ಸುಳ್ಳು ಹೇಳಿದರೆ 1,000 ರೂಪಾಯಿವರೆಗೆ ದಂಡ. ಅದೂ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೇಸು ಹಾಕುವಂತಿಲ್ಲ. ಮೂರು ವರ್ಷದವರೆಗಿನ ಜೈಲು ಕಾಯ್ದೆಯಲ್ಲಿದೆಯಾದರೂ ಅದು ಮುಖ್ಯವಾಗಿ ಗಣತಿ ಕೆಲಸ ಹೊತ್ತವರು ತಪ್ಪಿದಾಗಿನ ಶಿಕ್ಷೆ. ‘ಉತ್ತರಿಸದ ಮನೆಯವರಿಗೆ ಜೈಲು’ ಎಂಬ ವಾಟ್ಸ್ಆ್ಯಪ್ ಸಂದೇಶ ನಂಬಬೇಡಿ, ಮುಂದೆ ಕಳಿಸಲೂ ಬೇಡಿ.

ಕೊನೆಗೆ ಒಮ್ಮೆ ಪರಿಶೀಲಿಸಿ

ಗಣತಿದಾರರು ಏಳುವ ಮುನ್ನ ಬರೆದುಕೊಂಡದ್ದನ್ನು ಓದಿ ಹೇಳಲು ಕೇಳಿ. ಹಸುಗೂಸು, ಅಂಗವಿಕಲರು, ಮನೆಯಲ್ಲೇ ಉಳಿದು ಕೆಲಸ ಮಾಡುವವರು ಬಿಟ್ಟುಹೋಗಿದ್ದಾರೆಯೇ ನೋಡಿ. ಹಾಸ್ಟೆಲ್ಲಿನಲ್ಲಿರುವ ಮಕ್ಕಳನ್ನು ಅಲ್ಲಿಯೇ ಎಣಿಸುತ್ತಾರೆ, ಮನೆಯಲ್ಲಿ ಸೇರಿಸಬೇಡಿ. ಲೆಕ್ಕ ನಿಲ್ಲುವುದು 2027ರ ಮಾರ್ಚ್ 1ರ ಶೂನ್ಯ ಗಂಟೆಗೆ. ಗಣತಿದಾರರು ಬಂದುಹೋದ ಮೇಲೆ ಅದರೊಳಗೆ ಮನೆಯಲ್ಲಿ ಹೆರಿಗೆಯೋ ಸಾವೋ ಆದರೆ ಅವರಿಗೆ ತಿಳಿಸಿ. ಯಾರೂ ಬರದೇ ಹೋದರೆ, ಬಂದವರು ಸರಿಯಾಗಿ ನಡೆದುಕೊಳ್ಳದಿದ್ದರೆ, ಹಳ್ಳಿಯವರು ತಹಶೀಲ್ದಾರರ ಕಚೇರಿಯಲ್ಲೂ ಪಟ್ಟಣದವರು ಪುರಸಭೆ ಅಥವಾ ಪಾಲಿಕೆಯ ಕಚೇರಿಯಲ್ಲೂ ಬರವಣಿಗೆಯಲ್ಲಿ ದೂರು ಕೊಡಬಹುದು.