ಕರಾಚಿಯನ್ನು ಮುಟ್ಟದ ವಾಯುನೌಕೆ

ನೀರಿನಲ್ಲಿ ಮುಳುಗಿದ ವಸ್ತುವನ್ನು, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟೇ ಬಲವು ಮೇಲಕ್ಕೆ ತಳ್ಳುತ್ತದೆಂಬ ಆರ್ಕಿಮಿಡೀಸನ ತತ್ತ್ವವನ್ನು ವಿದ್ಯಾರ್ಥಿಗಳು ಬಲ್ಲರು. ಗಾಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ, ಅಷ್ಟೇ ಗಾತ್ರದ ಜಲಜನಕದ ತೂಕ 0.09 ಕಿಲೋಗ್ರಾಂ ಮಾತ್ರ. ಎಂದರೆ ಜಲಜನಕದ ಪ್ರತಿಯೊಂದು ಘನ ಮೀಟರೂ ಸುಮಾರು 1.1 ಕಿಲೋಗ್ರಾಂ ಭಾರವನ್ನು ಎತ್ತಬಲ್ಲುದು. 1900ರಲ್ಲಿ ಜರ್ಮನಿಯ ಕೌಂಟ್ ಜೆಪೆಲಿನ್ನರು ತಮ್ಮ ಮೊದಲನೆಯ ವಾಯುನೌಕೆಯನ್ನು ಹಾರಿಸಿದುದು ಈ ಲೆಕ್ಕವನ್ನು ನಂಬಿಯೇ.

ಈ ಲೆಕ್ಕ ಎಷ್ಟು ನಿಷ್ಠುರವಾದುದೆಂಬುದನ್ನು ಆರ್-101 ಎಂಬ ನೌಕೆಯ ಕಥೆಯಿಂದ ತಿಳಿಯಬಹುದು. ಇಂಗ್ಲೆಂಡಿನಿಂದ ಈಜಿಪ್ಟಿನ ಮಾರ್ಗವಾಗಿ, ಆಗ ಭಾರತದಲ್ಲಿದ್ದ ಕರಾಚಿಗೆ ಪ್ರಯಾಣಿಕರನ್ನು ಕೊಂಡೊಯ್ಯಲೆಂದು ಬ್ರಿಟಿಷ್ ಸರ್ಕಾರವು ಇದನ್ನು ಕಾರ್ಡಿಂಗ್ಟನ್ನಿನಲ್ಲಿ ಕಟ್ಟಿಸಿತು. ಲೋಹದ ಹಂದರ, ಅದರ ಮೇಲೆ ಬಟ್ಟೆಯ ಹೊದಿಕೆ, ಒಳಗೆ ಜಲಜನಕದ ಸಾಲು ಚೀಲಗಳು. ಅನಿಲ ಸೋರದಿರಲೆಂದು ಈ ಚೀಲಗಳಿಗೆ ದನಗಳ ಕರುಳಿನ ಪೊರೆಯನ್ನು ಅಂಟಿಸುತ್ತಿದ್ದರು! ಐದು ಡೀಸೆಲ್ ಯಂತ್ರಗಳು ನಿರೀಕ್ಷೆಗಿಂತ ಭಾರವಾದವು, ಹಂದರವೂ ಹಾಗೆಯೇ. ಇಂಧನ, ಸಾಮಾನು ಮತ್ತು ಜನರಿಗಾಗಿ 60 ಟನ್ ಉಳಿಯಬೇಕಿದ್ದಲ್ಲಿ 35 ಟನ್ ಮಾತ್ರ ಉಳಿಯಿತು.

ಪರಿಹಾರವೇನು? ಚೀಲಗಳನ್ನು ಬಿಗಿದಿದ್ದ ಬಲೆಗಳನ್ನು ಸಡಿಲಿಸಿ ಹೆಚ್ಚು ಅನಿಲ ತುಂಬಿದರು. ಉಬ್ಬಿದ ಚೀಲಗಳು ಹಂದರಕ್ಕೆ ಉಜ್ಜಿ ಸೋರತೊಡಗಿದವು. ಬಳಿಕ ನೌಕೆಯನ್ನು ನಡುವೆ ಕತ್ತರಿಸಿ ಹೊಸದೊಂದು ಅಂಕಣವನ್ನು ಸೇರಿಸಿದರು. ಉದ್ದ 237 ಮೀಟರಾಯಿತು, ಒಟ್ಟು ಎತ್ತುವ ಬಲ ಸುಮಾರು 170 ಟನ್ನಾಯಿತು. ಆದರೆ ಬಿಸಿಗಾಳಿ ಹಗುರವೆಂಬುದನ್ನು ಮರೆಯಲಾಗದು. ಉಷ್ಣತೆ 15 ಡಿಗ್ರಿಯಿಂದ 35 ಡಿಗ್ರಿಗೆ ಏರಿದರೆ, ತುಂಬಿದ ಚೀಲಗಳ ಬಲದಲ್ಲಿ 100ಕ್ಕೆ 6ರಷ್ಟು ನಷ್ಟ. ಇಲ್ಲಿ ಅದು ಸುಮಾರು 10 ಟನ್. ಕರಾಚಿಯಂತಹ ಊರಿಗೆ ಹೊರಟವರಿಗೆ ಇದು ಅಲ್ಪವಲ್ಲ.

ಹೊಸ ರೂಪದಲ್ಲಿ ಪೂರ್ಣ ಪರೀಕ್ಷೆಯಾಗುವ ಮೊದಲೇ, 1930ರ ಅಕ್ಟೋಬರ್ 4ರ ಸಂಜೆ ನೌಕೆ ಹೊರಟಿತು. ವಾಯುಯಾನದ ಮಂತ್ರಿ ಲಾರ್ಡ್ ಥಾಮ್ಸನ್ನರಿಗೆ ಅದೇ ತಿಂಗಳು ಹಿಂದಿರುಗುವ ಅವಸರವಿತ್ತು; ಅವರೂ ನೌಕೆಯಲ್ಲಿದ್ದರು. ಕಂಬದಿಂದ ಬಿಡಿಸಿಕೊಂಡು ಮೇಲೇರಲು 4 ಟನ್ ನೀರನ್ನು ಚೆಲ್ಲಬೇಕಾಯಿತು. ಮಳೆ, ಬಿರುಗಾಳಿ. ರಾತ್ರಿ ಎರಡು ಗಂಟೆ ಕಳೆದ ಮೇಲೆ ಫ್ರಾನ್ಸಿನ ಬೊವೆ ಪಟ್ಟಣದ ಬಳಿ ನೌಕೆಯ ಮೂತಿ ಕೆಳಬಾಗಿ ನೆಲಕ್ಕೆ ತಗುಲಿತು. ಆ ತಾಕು ಅಷ್ಟೇನೂ ಬಿರುಸಾಗಿರಲಿಲ್ಲ. ಜಲಜನಕಕ್ಕೆ ಬೆಂಕಿ ಹತ್ತಿದುದೇ ಅನರ್ಥಕ್ಕೆ ಕಾರಣ. 54 ಮಂದಿಯಲ್ಲಿ ಬದುಕಿದವರು ಆರು ಜನ.

ವಿಚಾರಣೆಗೆ ಅಧ್ಯಕ್ಷರಾದವರು ಸರ್ ಜಾನ್ ಸೈಮನ್. 1928ರಲ್ಲಿ ಭಾರತೀಯರು ಕಪ್ಪು ಬಾವುಟ ತೋರಿಸಿದ ಸೈಮನ್ನರೇ ಇವರು. ಮುಂಭಾಗದ ಚೀಲಗಳಿಂದ ಅನಿಲ ಸೋರಿದುದೇ ಪತನಕ್ಕೆ ಮೂಲವೆಂದು ವರದಿ ಹೇಳಿತು. ಅದೇ ವರ್ಷ ಕೆನಡಕ್ಕೆ ಹೋಗಿ ಸುರಕ್ಷಿತವಾಗಿ ಮರಳಿದ್ದ ಸೋದರನೌಕೆ ಆರ್-100ನ್ನೂ ಬ್ರಿಟಿಷರು ಒಡೆದು ಗುಜರಿಗೆ ಮಾರಿದರು. ಕರಾಚಿಯಲ್ಲಿ ಮೊದಲೇ ಕಟ್ಟಿ ನಿಲ್ಲಿಸಿದ್ದ ಬೃಹತ್ ಷೆಡ್ಡಿನೊಳಕ್ಕೆ ಯಾವ ವಾಯುನೌಕೆಯೂ ಬರಲಿಲ್ಲ.